ಮನೆಯ ಕೋವಿಗೆ ಹೆಗಲಪಟ್ಟಿ ಬೇಕೇ?

ಅಡಿಕೆ ಕೊಯ್ಲು ಹತ್ತಿರವಾಗುತ್ತಿದ್ದಂತೆ ನಮ್ಮ ಸದಸ್ಯರ ನಡುವೆ ಕೋವಿಯ ಮಾತು ಬರುವುದು ವಾಡಿಕೆ. ಲೈಸೆನ್ಸಿನ ನವೀಕರಣ, ತೋಟೆಯ ಬೆಲೆ, ಹಂದಿಯ ಕಾಟ, ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸುವ ಗೋಳು, ಇವೆಲ್ಲ ಹಳೆಯ ವಿಷಯಗಳು. ಈ ಸಲ ಸಂಘದ ಜಗಲಿಯಲ್ಲಿ ಎದ್ದ ಚರ್ಚೆ ಮಾತ್ರ ಹೊಸದು: ಮನೆ ಕಾವಲಿಗೆಂದು ಇಟ್ಟುಕೊಂಡ ಕೋವಿಗೆ ಹೆಗಲಪಟ್ಟಿ, ಅಂದರೆ ನಾವು ಬೆಲ್ಟು ಎನ್ನುವುದು, ಇರಬೇಕೇ ಬೇಡವೇ? ಸೈನ್ಯದಲ್ಲಿದ್ದು ಬಂದ ಸದಸ್ಯರೊಬ್ಬರು "ಬೆಲ್ಟಿಲ್ಲದ ಕೋವಿಯೂ ಒಂದೇ, ಹಿಡಿಯಿಲ್ಲದ ಕತ್ತಿಯೂ ಒಂದೇ" ಎಂದರು. ಮತ್ತೊಬ್ಬರು "ಮನೆಯೊಳಗೆ ಹೆಗಲಿಗೆ ಹಾಕಿಕೊಂಡು ಯಾವ ದಂಡಯಾತ್ರೆಗೆ ಹೊರಡುವುದು ಮಾರಾಯ್ರೇ?" ಎಂದು ನಕ್ಕರು. ನಕ್ಕು ಬಿಡುವ ವಿಷಯ ಇದಲ್ಲವೆಂದು ತೋರಿದ್ದರಿಂದ ಬರೆಯುತ್ತಿದ್ದೇವೆ.

ಮೊದಲು ನಮ್ಮ ಮನೆಗಳಲ್ಲಿರುವುದು ಎಂಥ ಕೋವಿ ಎಂಬುದನ್ನು ನೋಡಬೇಕು. ಸಿನಿಮಾದಲ್ಲಿ ಕಾಣುವ ರೈಫಲಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ಆತ್ಮರಕ್ಷಣೆಗೆ ಹೇಳುವುದು 20 ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಕೋವಿಯನ್ನು. ಬೆಳೆ ರಕ್ಷಣೆಗೆ ಹೇಳುವುದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೆಳೆಗೂ ತೋಟೆ ಕೋವಿ ಸಿಗುತ್ತದೆ. ಹೀಗಾಗಿ ನಮ್ಮಲ್ಲಿ ಹೆಚ್ಚಿನವು 12 ಬೋರಿನ ಒಂಟಿನಳಿಗೆ ಇಲ್ಲವೇ ಜೋಡುನಳಿಗೆ. ಅವುಗಳಲ್ಲೂ ಅನೇಕವು ಅಜ್ಜನ ಕಾಲದವು, ಮೇಲೆ ಕುದುರೆ ಇರುವಂಥವು. ಸೈನ್ಯದ ರೈಫಲಿಗೆ ತಡೆಗುಂಡಿ ಉಂಟು. ನಮ್ಮ ಹಳೆಯ ಕುದುರೆ ಕೋವಿಗೆ ನಾವೇ ತಡೆಗುಂಡಿ. ಈ ಒಂದು ವ್ಯತ್ಯಾಸವನ್ನು ನಮ್ಮ ಸೈನಿಕ ಮಿತ್ರರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪಟ್ಟಿಯ ಉಪಯೋಗ ಎಲ್ಲಿ, ಯಾರಿಗೆ ಎಂಬುದನ್ನು ನಾವು ಕಂಡುಕೊಂಡದ್ದು ಬಯಲುಸೀಮೆಯಲ್ಲಿ. ದನಗಳಿಗೆ ಹತ್ತಿಕಾಳಿನ ಹಿಂಡಿ ವಿಚಾರಿಸಲೆಂದು ನಮ್ಮಲ್ಲಿ ಮೂವರು ರಾಯಚೂರಿಗೆ ಹೋಗಿದ್ದೆವು. 1520ರಲ್ಲಿ ಕೃಷ್ಣದೇವರಾಯನು ಆದಿಲಶಾಹಿಯಿಂದ ಗೆದ್ದ ಕೋಟೆಯ ಊರು ಅದು. ಆ ಮುತ್ತಿಗೆಯಲ್ಲಿ ರಾಯನ ಕಡೆಗೆ ಪೋರ್ಚುಗೀಸ್ ಕೋವಿಗಾರರು ನಿಂತು ಗೋಡೆಯ ಮೇಲಿನವರನ್ನು ಹೊಡೆದುರುಳಿಸಿದರೆಂದು ಚರಿತ್ರೆ ಹೇಳುತ್ತದೆ. ಅದೇ ಊರಿನಲ್ಲಿ ಈಗ ಬ್ಯಾಂಕಿನ ಬಾಗಿಲಿಗೆ ನಿಂತ ಕಾವಲುಗಾರನ ಹೆಗಲಲ್ಲಿ ಒಂಟಿನಳಿಗೆ ತೂಗಾಡುತ್ತಿತ್ತು. ಎಂಟು ಗಂಟೆ ನಿಲ್ಲುವವನಿಗೆ ಪಟ್ಟಿ ಬೇಡವೆನ್ನಲು ಯಾರಿಗೂ ಬಾಯಿ ಬಾರದು.

ಅಲ್ಲಿಂದ ಮಾನ್ವಿಗೆ ಹೋದೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಭತ್ತದ ಬಯಲು. ಅಲ್ಲೂ ಹಂದಿಯ ಕಾಟವೇ. ದೇವದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಾಗ ಗೋಡೆಯ ಗೂಟಕ್ಕೆ ಬೆಲ್ಟಿನಿಂದಲೇ ತೂಗುಹಾಕಿದ ಬಂದೂಕು ಕಂಡಿತು (ಅವರಿಗೆ ಅದು ಬಂದೂಕು, ಕೋವಿ ಎಂದರೆ ನಗುತ್ತಾರೆ). ಕೇಳಿದೆವು. "ಬೆಲ್ಟ್ ಇಲ್ದ ಹ್ಯಾಂಗ್ರೀ ಯಜಮಾನ್ರ? ಹೊಲ ಎರಡು ಮೈಲು ಐತಿ. ಒಂದು ಕೈಯಾಗ ಬುತ್ತಿ, ಇನ್ನೊಂದು ಕೈಯಾಗ ಕಂದೀಲು. ಬಂದೂಕು ತಲಿ ಮ್ಯಾಲ ಹೊರಬೇಕೇನ್ರೀ?" ಎಂದರು. ಸರಿಯಾದ ಮಾತು. ಎರೆಹೊಲದ ದಾರಿಯಲ್ಲಿ ಪಟ್ಟಿಗೆ ತೊಡರಲು ಒಂದು ಜಾಲಿ ಬಿಟ್ಟರೆ ಬೇರೇನೂ ಇಲ್ಲ. ಆದರೆ ಅವರು ಇನ್ನೊಂದು ಮಾತನ್ನೂ ಹೇಳಿದರು: "ತೋಟಾ ಮಾತ್ರ ಅಂಗಿ ಕಿಸೇದಾಗ ಇರ್ತಾವ್ರೀ, ನಳಿಗ್ಯಾಗ ಅಲ್ಲ." ಬೆಲ್ಟಿನ ಪ್ರಶ್ನೆಗೆ ಉತ್ತರದ ಅರ್ಧಭಾಗ ಇದರಲ್ಲೇ ಇದೆ ಎಂಬುದು ನಮಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಊರಿಗೆ ಬಂದ ಮೇಲೆ. ಆ ಹಿರಿಯರನ್ನು ನೋಡಿ ನಾವೂ ನಮ್ಮ ಕೋವಿಗೆ ಒಳ್ಳೆಯ ಚರ್ಮದ ಪಟ್ಟಿ ಹಾಕಿಸಿದೆವು. ಒಂದು ರಾತ್ರಿ ತೋಟದ ಕೆಳಗಿನ ಮಗ್ಗುಲಲ್ಲಿ ಹಂದಿ ಮುರಿಯುವ ಸದ್ದು ಕೇಳಿ ಹೊರಟೆವು. ಸಂಕ ದಾಟಲು ಕೈ ಬೇಕೆಂದು, ತೋಟೆ ತುಂಬಿದ್ದ ಕೋವಿಯನ್ನೇ ಹೆಗಲಿಗೇರಿಸಿದೆವು. ಸಂಕ ದಾಟಿದ್ದಾಯಿತು, ಕೋವಿ ಹೆಗಲಿನಲ್ಲೇ ಉಳಿಯಿತು. ರೊಬಸ್ಟಾ ಗಿಡಗಳ ನಡುವೆ ನುಗ್ಗುವಾಗ ಪಟ್ಟಿಗೆ ರೆಕ್ಕೆಯೊಂದು ಸಿಕ್ಕಿಕೊಂಡಿತು. ದನದ ಹಗ್ಗ ಎಳೆದಂತೆ ಎಳೆದೆವು. ಕಡ್ಡಿ ಕುದುರೆಯ ಅಡಿಗೆ ಹೊಕ್ಕು ಅದನ್ನು ಎತ್ತಿ ಬಿಟ್ಟಿರಬೇಕು. ಈಡು ಹಾರಿಯೇ ಹೋಯಿತು. ಸಿಲ್ವರ್ ಓಕಿನ ಎಲೆಗಳು ತಲೆಯ ಮೇಲೆ ಉದುರಿದವು. ಟಾರ್ಚು ಹಿಡಿದು ಮುಂದೆ ನಡೆದಿದ್ದ ಆಳು ಅಲ್ಲೇ ಕುಳಿತುಬಿಟ್ಟ. ಅವನು ಒಂದು ಮಾತೂ ಆಡಲಿಲ್ಲ. ಮರುದಿನ ಕೆಲಸಕ್ಕೂ ಬರಲಿಲ್ಲ. ಅವನ ಮನೆಗೆ ಹೋಗಿ ಅವನ ಹೆಂಡತಿಯ ಎದುರು ನಿಂತಾಗ ನಮಗಾದ ನಾಚಿಕೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಸೈನಿಕ ಮಿತ್ರರು ಇದನ್ನು ಕೇಳಿ, "ತಪ್ಪು ಬೆಲ್ಟಿನದಲ್ಲ, ತೋಟೆಯದು" ಎಂದರು. ಒಪ್ಪುತ್ತೇವೆ, ಆದರೆ ಪೂರ್ತಿಯಾಗಿ ಅಲ್ಲ. ಕೈಯಲ್ಲಿ ಹಿಡಿದ ಕೋವಿ ಕ್ಷಣಕ್ಷಣಕ್ಕೂ ನೆನಪಿನಲ್ಲಿರುತ್ತದೆ. ತೂಕವೇ ನೆನಪು ಮಾಡುತ್ತದೆ. ಹೆಗಲಿಗೆ ಹೋದ ಕೋವಿ ಕೊಡೆಯ ಹಾಗೆ, ಇದ್ದದ್ದು ಮರೆತೇ ಹೋಗುತ್ತದೆ. ನಳಿಗೆಯ ಬಾಯಿ ಯಾರ ಕಡೆಗಿದೆ, ಕುದುರೆ ಎಲ್ಲಿದೆ ಎಂಬುದು ಬೆನ್ನ ಹಿಂದಿನ ಸಂಗತಿಯಾಗಿಬಿಡುತ್ತದೆ. ಮರೆಯುವುದಕ್ಕೆ ಅನುಕೂಲ ಮಾಡಿಕೊಡುವುದೇ ಪಟ್ಟಿಯ ದೋಷ. ಆದ್ದರಿಂದ ನಮ್ಮ ಮಾತು ಇಷ್ಟೇ: ಕೋವಿ ಹೆಗಲಿಗೆ ಏರುವ ಮೊದಲು ತೋಟೆ ಕಿಸೆಗೆ ಇಳಿಯಬೇಕು. ಕೇಪಿನ ಕೋವಿಯವರು ಕೇಪು ತೆಗೆದು ಏರಿಸಬೇಕು. ಇದನ್ನು ಪಾಲಿಸಲಾಗದವರಿಗೆ ಪಟ್ಟಿಯೇ ಬೇಡ.

ಇನ್ನು ಮನೆಯೊಳಗಿನ ಮಾತು. ಬೆಲ್ಟಿನ ಪರವಾಗಿ ಒಂದು ಗಟ್ಟಿಯಾದ ವಾದವಿದೆ. ರಾತ್ರಿ ನಾಯಿ ಬೊಗಳಿ ಎದ್ದಾಗ ಒಂದು ಕೈ ಟಾರ್ಚಿಗೆ ಹೋಗುತ್ತದೆ, ಇನ್ನೊಂದು ಅಗುಳಿಗೆ. ಮಗು ಎದ್ದು ಅತ್ತರೆ ಅದನ್ನು ಎತ್ತಿಕೊಳ್ಳಬೇಕು, ಫೋನು ಮಾಡಬೇಕು. ಆಗ ಕೋವಿಯನ್ನು ಎಲ್ಲಿಡುವುದು? ಮೂಲೆಗೆ ಒರಗಿಸಿದರೆ ಜಾರಿ ಬೀಳುತ್ತದೆ, ಕಳ್ಳನ ಕೈಗೂ ಸಿಗಬಹುದು. ನಿಜ. ಆದರೆ ನಮ್ಮ ಮನೆಗಳನ್ನು ನೋಡಿ: ತಗ್ಗು ಬಾಗಿಲು, ಚಿಲಕ, ಕುರ್ಚಿಯ ಕೈ, ಅಟ್ಟದ ಏಣಿ, ಜಗಲಿಯ ಕಂಬ, ಕತ್ತಲೆಯಲ್ಲಿ ಜೋತಾಡುವ ಪಟ್ಟಿ ಇವುಗಳಲ್ಲಿ ಯಾವುದಕ್ಕೆ ಸಿಕ್ಕಿಕೊಳ್ಳುತ್ತದೋ ಹೇಳಲಾಗದು. ಮೇಲೆ ಬಿದ್ದವನಿಗೆ ಹಿಡಿದೆಳೆಯಲು ಅದೇ ಹಗ್ಗ. ಗೂಟಕ್ಕೆ ನೇತುಹಾಕಿದ ಕೋವಿಯಂತೂ ಮಕ್ಕಳಿಗೆ ಕರೆ ಕಳಿಸಿದಂತೆ; ಬೆಲ್ಟಿನ ತುದಿ ಹಿಡಿದು ಎಳೆದರೆ ಆಯಿತು. ದೇವದುರ್ಗದ ಹಿರಿಯರ ಮಾತನ್ನು ಎಷ್ಟು ಮೆಚ್ಚಿದರೂ ಅವರ ಗೂಟವನ್ನು ನಾವು ಮೆಚ್ಚಲಾರೆವು.

ಒಂಟಿಮನೆಯಲ್ಲಿ ಅಪರಾತ್ರಿ ಸದ್ದಾದಾಗ ಬಾಗಿಲು ತೆರೆದು ಕೋವಿಯೊಡನೆ ಅಂಗಳಕ್ಕೆ ಇಳಿಯುವುದೇ ಮೊದಲ ತಪ್ಪು. ಬಾಗಿಲು ಭದ್ರ ಮಾಡಿ, ಅಂಗಳದ ದೀಪ ಹಾಕಿ, ನೆರೆಯವರನ್ನೂ ಠಾಣೆಯನ್ನೂ ಕರೆದು ಒಳಗೇ ಕುಳಿತವನಿಗೆ ಎರಡು ಕೈಯೂ ಕೋವಿಗೇ ಸಿಗುತ್ತವೆ. ಅವನಿಗೆ ಪಟ್ಟಿ ಯಾತಕ್ಕೆ?

ಹೀಗಾಗಿ ಬಿಚ್ಚಿ ಹಾಕಲು ಬರುವ ಪಟ್ಟಿಯೇ ನಮ್ಮ ಆಯ್ಕೆ. ತೋಟಕ್ಕೆ ಹೋಗುವಾಗ ಕೊಂಡಿಗೆ ಸಿಕ್ಕಿಸುವುದು, ಮನೆಗೆ ಬಂದೊಡನೆ ಬಿಚ್ಚುವುದು, ಕೋವಿಯನ್ನು ಬೀಗದೊಳಗಿಡುವುದು. ಹಳೆಯ ಕೋವಿಗೆ ಕೊಂಡಿ ಇರದಿದ್ದರೆ ಊರಿನ ಕಮ್ಮಾರನ ಕುಲುಮೆಗೆ ನಳಿಗೆಯನ್ನು ಒಡ್ಡಬೇಡಿ. ತೆಳುವಾದ ನಳಿಗೆಗೆ ಕಾವು ಕೊಟ್ಟರೆ ಉಕ್ಕಿನ ಹದ ಕೆಡುತ್ತದೆ. ಮುಂದೆ ಅದು ಸಿಡಿಯುವುದು ನಿಮ್ಮ ಎಡಗೈಯ ಮೇಲೆ. ಲೈಸೆನ್ಸುಳ್ಳ ರಿಪೇರಿಯವರಲ್ಲೇ ಮಾಡಿಸತಕ್ಕದ್ದು.

ರಸ್ತೆಯ ಮಾತು ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿ, ಪೂರ್ತಿ ಮುಚ್ಚಿಕೊಂಡು ಒಯ್ಯಬೇಕು. ಬೈಕಿನ ಮೇಲೆ ಬೆಲ್ಟು ಹಾಕಿ ಬೆನ್ನಿಗೆ ಬಿಗಿದುಕೊಂಡು ಪೇಟೆಗೆ ಹೋಗುವ ನಮ್ಮ ಕೆಲವು ಯುವಕರು ಇದನ್ನು ಗಮನಿಸಲಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿಸಿರುವುದು ಲೈಸೆನ್ಸಿನ ವಿನಾಯಿತಿ. ಅಪಘಾತಕ್ಕೆ ಯಾರಿಗೂ ವಿನಾಯಿತಿ ಇಲ್ಲ.

ಕೊನೆಗೆ ಪಟ್ಟಿ ಯಾವುದರದ್ದಿರಬೇಕೆಂದು ಕೇಳಿದವರಿಗೆ: ನೈಲಾನು ಕಂಬಳಿಯ ಮೇಲೆ ನಿಲ್ಲದೆ ಜಾರುತ್ತದೆ. ಚರ್ಮ ಚೆನ್ನಾಗಿ ಕೂರುತ್ತದೆ, ಆದರೆ ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತದೆ. ಅಗಲವಾದ ಕ್ಯಾನ್ವಾಸು ನಮಗೆ ಒಗ್ಗಿದೆ. ಒದ್ದೆಯಾದರೆ ಅಡಿಕೆ ಒಣಗಿಸುವ ಅಟ್ಟದಲ್ಲಿ ಒಂದು ದಿನ ಹಾಕಿದರೆ ಸಾಕು. ಮಳೆಯಲ್ಲಿ ನಳಿಗೆಯ ಬಾಯಿ ಕೆಳಗೆ ಮಾಡಿ ತೂಗುಹಾಕುವವರು, ಅಗಳು ಹಾರುವಾಗ ಅದಕ್ಕೆ ಕೆಸರು ಮೆತ್ತಿಕೊಂಡಿಲ್ಲವೆಂದು ತೋಟೆ ತುಂಬುವ ಮೊದಲು ಬಗ್ಗಿ ನೋಡಿಕೊಳ್ಳಬೇಕು. ಚುನಾವಣೆಗೆ ಕೋವಿಯನ್ನು ಠಾಣೆಗೆ ಒಪ್ಪಿಸುವಾಗ ಪಟ್ಟಿಯನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳುವುದು ಲೇಸು.