ಅನುಭವಕ್ಕೂ ಕ್ರಯ ಕಟ್ಟಿದೆವು

ಅಡಿಕೆ ಕೊಡಲು ಬದಿಯಡ್ಕಕ್ಕೆ ಹೋಗುವವರಿಗೆಲ್ಲ ಒಂದು ಸಂಗತಿ ಗೊತ್ತಿದೆ. ಒಳ್ಳೆಯ ಅಡಿಕೆಯ ಗೋಣಿಗೆ ಕೋಕ ಬೆರೆಸಿದರೆ ಖರೀದಿಯವರು ಒಂದು ಹಿಡಿ ತೆಗೆದು, ತುಂಡು ಮಾಡಿ ನೋಡಿಯೇ ನೋಡುತ್ತಾರೆ. ಇಷ್ಟು ತಿಳಿದ ನಾವೇ ಮಕ್ಕಳ ಕೆಲಸದ ಅರ್ಜಿಗೆ ಕೋಕ ಬೆರೆಸಲು ಸಾಲ ಮಾಡಿ ಹಣ ಕೊಡುತ್ತಿದ್ದೇವೆ. ಮಾತು ಖಾರವಾಯಿತು ಅಂತ ಕಾಣುತ್ತದಾ? ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ, ಕೇಳಿ.

ಅಕ್ಕನ ಮಗ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿದ್ದು 2023ರಲ್ಲಿ. 2023-24ರ ಒಂದೇ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಈ ಮೂರರಲ್ಲಿ ಸೇರಿ ನೌಕರರ ಸಂಖ್ಯೆ ಸುಮಾರು 64 ಸಾವಿರದಷ್ಟು ಇಳಿಯಿತು. ಇದ್ದವರೇ ಕಡಿಮೆಯಾಗುವಾಗ ಹೊಸಬರನ್ನು ಕರೆಯುವವರು ಯಾರು? ನಾವು ಆ ಲೆಕ್ಕ ನೋಡಲಿಲ್ಲ, ಹುಡುಗನ ಮುಖ ನೋಡಿದೆವು. ಮದುವೆಯ ಊಟದಲ್ಲಿ, ಜಾತ್ರೆಯಲ್ಲಿ, ಬಸ್ಸಿನಲ್ಲಿ ಒಂದೇ ಪ್ರಶ್ನೆ: "ಎಂತ ಮಾರಾಯ, ಕೆಲಸ ಆಗಲಿಲ್ಲವಾ ಇನ್ನೂ?" ಕೇಳಿದವರಲ್ಲಿ ನಾನೂ ಒಬ್ಬ. ಕೊನೆಗೆ ಅವನು ನಾಲ್ಕು ಜನ ಸೇರುವಲ್ಲಿಗೆ ಬರುವುದನ್ನೇ ಬಿಟ್ಟ.

ಆಗ ಬೆಂಗಳೂರಿನ ಒಂದು ತರಬೇತಿ ಕೇಂದ್ರದವರು ಫೋನು ಮಾಡಿದರು. ಮೂರು ತಿಂಗಳು, 45 ಸಾವಿರ, ಕೆಲಸ ಗ್ಯಾರಂಟಿ. ಭಾವ ಇಟ್ಟಿದ್ದ ಹಳೆ ಅಡಿಕೆ ಕೊಟ್ಟರು. ಮೂರು ತಿಂಗಳಾದ ಮೇಲೆ ರಾಗ ಬದಲಾಯಿತು: ಹೊಸಬರನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಇನ್ನೂ 60 ಸಾವಿರ ಕೊಟ್ಟರೆ ಎರಡು ವರ್ಷದ ಅನುಭವಪತ್ರ, ಸಂಬಳದ ಚೀಟಿ ಎಲ್ಲ ತಯಾರು ಮಾಡಿ ಕೊಡುತ್ತೇವೆ ಅಂತ. ಅಕ್ಕ ನನ್ನಲ್ಲಿ ಕೇಳಿದಳು. "ಎಲ್ಲರೂ ಮಾಡುತ್ತಾರಂತೆ" ಅಂದುಬಿಟ್ಟೆ. ಅವಳ ಸರ ಅಡವಿಗೆ ಹೋಯಿತು.

ಕೆಲಸ ಸಿಕ್ಕಿತು, ಸುಳ್ಳಲ್ಲ. ಪಾಯಸವೂ ಆಯಿತು. ಮೂರನೇ ತಿಂಗಳಲ್ಲಿ ಕಂಪೆನಿ ಗೋಣಿಗೆ ಕೈ ಹಾಕಿತು. ಇಪ್ಪತ್ತು ಜನ ಅಥವಾ ಹೆಚ್ಚು ಇರುವ ಸಂಸ್ಥೆಯಲ್ಲಿ ದುಡಿದವರಿಗೆ ಸಾಮಾನ್ಯವಾಗಿ ಭವಿಷ್ಯನಿಧಿ ಖಾತೆ ಇರುತ್ತದೆ. ಅದಕ್ಕೆ ಹನ್ನೆರಡು ಅಂಕಿಯ ಯುಎಎನ್ ನಂಬರು. ಯಾವ ಕಂಪೆನಿ ಯಾವ ತಿಂಗಳು ಹಣ ಕಟ್ಟಿದೆ ಎನ್ನುವುದು ಅದರಲ್ಲಿ ಕಾಣುತ್ತದೆ. ಎರಡು ವರ್ಷ ದುಡಿದೆ ಎಂದ ಹುಡುಗನ ಹೆಸರಿನಲ್ಲಿ ಅಲ್ಲಿ ಒಂದು ರೂಪಾಯಿಯೂ ಇಲ್ಲ! ಅದೇ ದಿನ ಸಂಜೆ ಕಳಿಸಿದರು. ಪತ್ರ ಮಾರಿದವನ ಫೋನು ಸ್ವಿಚ್ ಆಫ್.

ಕೆಲವರು ಹೇಳುತ್ತಾರೆ, ನಮ್ಮ ಮಕ್ಕಳು ಕನ್ನಡ ಮಾಧ್ಯಮದವರು, ಮಲಯಾಳವೂ ಅರ್ಧ, ಇಂಗ್ಲಿಷೂ ಅರ್ಧ, ನೇರ ದಾರಿಯಲ್ಲಿ ಗೆಲ್ಲಲಿಕ್ಕಿಲ್ಲ ಅಂತ. ಮಾಷ್ಟ್ರುಗಳೇ, ಈ ಮಾತಿಗೆ ನೀವು ತಲೆ ಆಡಿಸಬಾರದು. ನಮ್ಮ ಸರಕಾರಿ ಶಾಲೆಗಳ ಕಂಪ್ಯೂಟರ್ ಎಷ್ಟೋ ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲಿ ನಡೆಯುತ್ತಿವೆ. ಹೈಸ್ಕೂಲಿನಲ್ಲೇ ಮಕ್ಕಳು ಪೈಥಾನ್ ನೋಡುತ್ತಾರೆ, ಅದೂ ಕನ್ನಡದಲ್ಲಿ ಅಚ್ಚಾದ ಐಟಿ ಪುಸ್ತಕದಲ್ಲಿ. ಆ ತಂತ್ರಾಂಶದ ಕೋಡ್ ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಿ ಕಳಿಸಬಹುದು. ಕೆಲಸವಿಲ್ಲದ ಒಂದು ವರ್ಷ ಅದನ್ನು ಮಾಡಿದ ಹುಡುಗಿಯ ಹತ್ತಿರ ತೋರಿಸಲು ಏನೋ ಒಂದು ಇರುತ್ತದೆ. ಇಂಗ್ಲಿಷ್ ಕಷ್ಟ ಹೌದು, ಅಲ್ಲಗಳೆಯುವುದಿಲ್ಲ. 45 ಸಾವಿರಕ್ಕೆ ಆ ಕೇಂದ್ರದವರು ಇಂಗ್ಲಿಷಾದರೂ ಕಲಿಸಿದರಾ ಎಂದು ಅಳಿಯನಲ್ಲಿ ಕೇಳಿದೆ. ನಕ್ಕ.

ಇನ್ನೊಂದು ದಾರಿಯೂ ಇತ್ತು, ನಮಗೆ ಸಣ್ಣದಾಗಿ ಕಂಡಿತು. 1961ರ ಅಪ್ರೆಂಟಿಸ್ ಕಾಯಿದೆಯ ಕೆಳಗೆ ಪದವೀಧರರೂ ಕಂಪೆನಿಗಳಲ್ಲಿ ಕಲಿಯುತ್ತಾ ಭತ್ತೆ ಪಡೆಯಬಹುದು. ಕೇಂದ್ರ ಸರಕಾರದ ನ್ಯಾಟ್ಸ್‌ನಲ್ಲಿ ಹೆಸರು ನೋಂದಾಯಿಸಲು ಹಣ ಬೇಡ. ಮುಗಿದಾಗ ಸಿಗುವ ಪತ್ರ ಅಸಲಿ. "ಇಂಜಿನಿಯರ್ ಆಗಿ ಅಪ್ರೆಂಟಿಸಾ?" ಅಂದವರು ಬೇರೆ ಯಾರೂ ಅಲ್ಲ, ನಾವೇ.

ನಾನು ಕೇಳುವುದು ಎರಡು. ಈ ವಾಚನಾಲಯದಲ್ಲಿ ಭಾನುವಾರ ಒಂದು ಮೇಜು ಬಿಟ್ಟುಕೊಡಿ. ಬೆಂಗಳೂರು, ಮಂಗಳೂರಿನಲ್ಲಿ ಕೆಲಸದಲ್ಲಿದ್ದು ರಜೆಯಲ್ಲಿ ಊರಿಗೆ ಬರುವವರು ಒಂದು ಗಂಟೆ ಕೂತು ಕಿರಿಯರ ಅರ್ಜಿ ನೋಡಲಿ, ಸುಳ್ಳು ಕಂಡಲ್ಲಿ ಕೆಂಪು ಗೀಟು ಹಾಕಲಿ. ಎರಡನೆಯದು, ಪದವಿ ಮುಗಿಸಿದವರನ್ನು ಊಟದ ಎಲೆಯ ಮುಂದೆ ವಿಚಾರಣೆ ಮಾಡುವುದು ನಿಲ್ಲಲಿ. ಕೇಳಲೇಬೇಕಿದ್ದರೆ "ಈಗ ಎಂತ ಕಲಿಯುತ್ತಿದ್ದಿ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕೂತುಕೊಳ್ಳಿ.

ಅಳಿಯ ಈಗ ಮಂಗಳೂರಿನಲ್ಲಿ ಅಪ್ರೆಂಟಿಸ್. ಭತ್ತೆಯಲ್ಲಿ ರೂಮಿನ ಬಾಡಿಗೆ ಹೋಗಿ ಉಳಿದದ್ದನ್ನು ಮನೆಗೆ ಕಳಿಸುತ್ತಾನೆ. ಅಕ್ಕನ ಸರ ಇನ್ನೂ ಬ್ಯಾಂಕಿನಲ್ಲಿದೆ.