ಜಲಸಸ್ಯಗಳು ನದಿಗೆ ಕಳಂಕವೆ?

ಕಾವೇರಿಯ ಅಂಚಿನ ಜಲಸಸ್ಯಗಳೆಲ್ಲವೂ ನಿರುಪಯುಕ್ತವೆಂದೂ, ಮಳೆಗಾಲದಲ್ಲಿ ನಡುಹೊಳೆಯಿಂದ ತೆಗೆದ ನೀರಿನಲ್ಲಿ ಪ್ರಾಣಿಪ್ಲವಕಗಳು ವಿರಳವಾಗಿದ್ದುದೇ ಅದಕ್ಕೆ ಪ್ರಮಾಣವೆಂದೂ ಕಳೆದ ಸಂಚಿಕೆಯ ಲೇಖಕರು ಬರೆದಿರುವುದನ್ನು ಓದಿ ಸುಮ್ಮನಿರಲು ನನ್ನಿಂದಾಗಲಿಲ್ಲ. ಮುಂಗಾರಿನ ಪ್ರವಾಹದಲ್ಲಿ ಆ ತೇಲುಜೀವಿಗಳು ಕೊಚ್ಚಿಹೋಗುವುದು ಸಹಜ. ಅಲ್ಲಿ ಅವನ್ನು ಅರಸಿ, ಕಾಣದೆ, ದಡದ ಗಿಡಗಳ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. ಮಾಘ ಫಾಲ್ಗುಣಗಳಲ್ಲಿ ಹರಿವು ತಗ್ಗಿ ನೀರು ತಿಳಿಯಾದಾಗ, ಶ್ರೀರಂಗಪಟ್ಟಣದ ಸೋಪಾನದ ಬಳಿ ಗಿಡಗಳ ಎಳೆಗಳ ನಡುವಿನಿಂದ ಗಾಜಿನ ಲೋಟದಲ್ಲಿ ನೀರು ಮೊಗೆದು, ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ಒಂದೆರಡು ಮಿಲಿಮೀಟರನ್ನೂ ಮೀರದ ನೀರುಚಿಗಟಗಳು ಕುಪ್ಪಳಿಸುವುದನ್ನೂ, ಬಾಲದ ಇಕ್ಕೆಲಗಳಲ್ಲಿ ಮೊಟ್ಟೆಚೀಲ ಹೊತ್ತ ಸೈಕ್ಲಾಪ್ಸ್ ತಾಯಂದಿರನ್ನೂ ಕಾಣಬಹುದು. ಮೀನಿನ ಕಣ್ಣಿನಿಂದ ಅವನ್ನು ಮರೆಮಾಡುವುದು ಆ ಎಳೆಗಳೇ; ನೆರೆ ಇಳಿದ ಮೇಲೆ, ಅಲ್ಲಿ ಉಳಿದವುಗಳಿಂದಲೂ ಕೆಸರಿನಲ್ಲಿ ಹುದುಗಿದ ಸುಪ್ತ ಮೊಟ್ಟೆಗಳಿಂದಲೂ ಹೊಳೆ ಮತ್ತೆ ಜೀವದುಂಬುತ್ತದೆ. ದಕ್ಷಿಣ ಅಮೆರಿಕದಿಂದ ಬಂದು ನೀರಿನ ಮೈಯನ್ನೇ ಮುಚ್ಚಿ ಬೆಳಕನ್ನು ತಡೆಯುವ, ನೇರಳೆ ಹೂವಿನ ಅಂತರಗಂಗೆಯನ್ನು ಕೀಳಲೇಬೇಕು, ವಿವಾದವಿಲ್ಲ; ಆದರೆ ಅದರೊಡನೆ ಈ ನೆಲದ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳನ್ನೂ ಬುಡಸಹಿತ ಬಾಚಿ ತೆಗೆದರೆ, ಮೊಟ್ಟೆಯೊಡೆದು ಬಂದ ಮೀನುಮರಿಯ ಮೊದಲ ತುತ್ತನ್ನೇ ನಾವು ಕಸಿದಂತಾಗುವುದು.