ಅಜ್ಜಿಯ ಕೋಳಿಯೂ ಸಂಘದ ಅಂಕಿ-ಅಂಶವೂ

ನಮ್ಮ ಸಂಘದ ಕಳೆದ ಸಭೆಯಲ್ಲಿ ಒಂದು ಠರಾವಿನ ಕರಡನ್ನು ಓದಿದರು. ಮುಂದಿನ ವರ್ಷದಿಂದ ಮುದ್ರಿತ ಆಮಂತ್ರಣವನ್ನೂ ಈ ಮಾಸಪತ್ರಿಕೆಯನ್ನೂ ಅಂಚೆಯಲ್ಲಿ ಕಳಿಸುವುದನ್ನು ನಿಲ್ಲಿಸಿ, ಉಳಿಯುವ ಹಣವನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ ವಿನಿಯೋಗಿಸತಕ್ಕದ್ದು ಎಂಬುದು ಅದರ ಸಾರಾಂಶ. ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಪ್ರಚಾರ ಹೆಚ್ಚಬೇಕು ಎಂಬುದು ಕಾರಣ. ಕಾರಣ ನಿಜ, ಕಳವಳವೂ ನಿಜ. ಠರಾವನ್ನು ಮಂಡಿಸಿದ ತರುಣ ಮಿತ್ರರು ಬರಿಗೈಯಲ್ಲಿ ಬಂದಿರಲಿಲ್ಲ. ಪರದೆಯ ಮೇಲೆ ಒಂದು ತಖ್ತೆ ತೋರಿಸಿದರು. ಅಂಚೆ, ಇ-ಮೇಲ್, ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಂದು ಐದು ಅಂಕಣ. ಕೊನೆಯ ನಾಲ್ಕರ ಕೆಳಗೆ ಅಂಕಿಗಳ ಸುರಿಮಳೆ. ಅಂಚೆಯ ಕೆಳಗೆ ಬರೀ ಒಂದು ಗೀಟು. “ಇದು ನಮ್ಮ ಅಭಿಪ್ರಾಯವಲ್ಲ, ಸಂಶೋಧನೆಯ ದತ್ತಾಂಶ” ಎಂದರು. ಸಭೆ ತಲೆದೂಗಿತು. ಹೊತ್ತು ಮೀರಿದ್ದರಿಂದ ತೀರ್ಮಾನ ಮುಂದಿನ ಸಭೆಗೆ ಹೋಗಿದೆ.

ಅಷ್ಟರೊಳಗೆ ನಾವು ನಾಲ್ಕು ಮಾತು ಹೇಳಬೇಕಾಗಿದೆ. ನಮಗೂ ಅಂಕಿಗಳಿಗೂ ಹಗೆತನವಿಲ್ಲ. ಬಿ.ಎಸ್ಸಿ. ಓದಿ ಕೇಂದ್ರ ಸರ್ಕಾರದ ಗುಮಾಸ್ತಿಕೆಗೆಂದು ದೆಹಲಿಗೆ ಬಂದ ನಮಗೆ ತಖ್ತೆ ತಯಾರಿಸುವುದೇ ಹೊಟ್ಟೆಪಾಡು. ಆದ್ದರಿಂದಲೇ ತಖ್ತೆ ಎಲ್ಲೆಲ್ಲಿ ಸುಳ್ಳು ಹೇಳುತ್ತದೆಂಬುದು ನಮಗೆ ಸ್ವಲ್ಪಮಟ್ಟಿಗೆ ಗೊತ್ತು.

ಮೊದಲು ಆ ಗೀಟಿನ ವಿಚಾರ. ಅಧೀನ ಕಚೇರಿಗಳಿಂದ ತಿಂಗಳ ವರದಿ ತರಿಸಿಕೊಳ್ಳುವಾಗ ಹೊಸ ಗುಮಾಸ್ತನಿಗೆ ಕಲಿಸುವ ಮೊದಲ ಪಾಠವೊಂದಿದೆ. ‘ನಿಲ್’ ಎಂದು ಬಂದ ವರದಿ ಬೇರೆ, ಬಾರದೇ ಇರುವ ವರದಿ ಬೇರೆ. ಬಾರದ ವರದಿಯನ್ನು ಸೊನ್ನೆಯೆಂದು ಕೂಡಿಸಿದರೆ ಮೇಲಧಿಕಾರಿಗಳು ಕಡತವನ್ನು ಮುಖಕ್ಕೆ ಎಸೆಯುತ್ತಾರೆ. ಅಂಚೆಯ ಆಮಂತ್ರಣವನ್ನು ಯಾರು ಓದಿದರು, ಎಷ್ಟು ಹೊತ್ತು ಓದಿದರು ಎಂದು ಅಂಚೆಯವನು ವರದಿ ಕೊಡುವುದಿಲ್ಲ. ಆದ್ದರಿಂದ ಅಲ್ಲಿ ಗೀಟು. ಸಭೆ ಆ ಗೀಟನ್ನು ಸೊನ್ನೆಯೆಂದು ಓದಿಕೊಂಡಿತು. ಎಣಿಸದೆ ಉಳಿದದ್ದನ್ನು ಇಲ್ಲವೇ ಇಲ್ಲವೆಂದು ತೀರ್ಮಾನಿಸುವುದು ಯಾವ ಸಂಶೋಧನೆ?

ಎರಡನೆಯದಾಗಿ, ಉಳಿದ ನಾಲ್ಕು ಅಂಕಣಗಳಾದರೂ ಒಂದೇ ವಸ್ತುವನ್ನು ಎಣಿಸುತ್ತವೆಯೇ? ಇ-ಮೇಲಿನ ಕೆಳಗಿದ್ದದ್ದು ‘ತೆರೆದವರು’. ಪತ್ರದೊಳಗೆ ಅಡಗಿಸಿಟ್ಟ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದು ಇಳಿದುಕೊಂಡರೆ ಪತ್ರ ತೆರೆಯಿತೆಂದು ಲೆಕ್ಕ. ಆದರೆ 2021ರ ಸೆಪ್ಟೆಂಬರಿನಿಂದ ಆ್ಯಪಲ್ ಕಂಪನಿ ತನ್ನ ಮೇಲ್ ಬಳಸುವವರಿಗೆ ಒಂದು ರಕ್ಷಣೆ ಕೊಟ್ಟಿದೆ. ಅದನ್ನು ಇಟ್ಟುಕೊಂಡವರ ಪತ್ರಗಳ ಚಿತ್ರಗಳನ್ನು, ಅವರು ಪತ್ರ ಓದಲಿ ಬಿಡಲಿ, ಕಂಪನಿಯ ಯಂತ್ರವೇ ಮೊದಲು ಇಳಿಸಿಕೊಳ್ಳುತ್ತದೆ. ಓದದವನೂ ಓದಿದವರ ಲೆಕ್ಕಕ್ಕೆ ಸೇರಿದ! ವಾಟ್ಸ್‌ಆ್ಯಪ್‌ನ ಕೆಳಗಿದ್ದದ್ದು ನೀಲಿ ಗುರುತು. ಆ ಗುರುತು ಬಾರದಂತೆ ಮಾಡಿಕೊಳ್ಳುವ ಅನುಕೂಲವೂ ಉಂಟು. ‘ಶುಭೋದಯ’ಗಳ ರಾಶಿಯ ನಡುವೆ ನಮ್ಮ ಆಮಂತ್ರಣದ ಮೇಲೆ ಬೆರಳು ಜಾರಿಹೋದರೂ ಗುರುತು ನೀಲಿಯೇ. ಫೇಸ್‌ಬುಕ್‌ನ ಕೆಳಗಿದ್ದದ್ದು ‘ತಲುಪಿದವರು’, ಎಂದರೆ ಯಾರ ಪರದೆಯ ಮೇಲೆ ಜಾಹೀರಾತು ಹಾದುಹೋಯಿತೋ ಅವರು. ಇನ್‌ಸ್ಟಾಗ್ರಾಂ ಕೆಳಗಿದ್ದದ್ದು ‘ಮೆಚ್ಚಿದವರು’.

ತೆರೆದವರು, ನೋಡಿದವರು, ತಲುಪಿದವರು, ಮೆಚ್ಚಿದವರು. ಸೇರನ್ನೂ ಮೊಳವನ್ನೂ ಒಂದೇ ಸಾಲಿನಲ್ಲಿ ಬರೆದು ಯಾವುದು ಹೆಚ್ಚು ಎಂದು ಕೇಳಿದಂತಾಯಿತು. ನಮ್ಮ ಕಚೇರಿಯಲ್ಲೂ ರವಾನೆ ಪುಸ್ತಕ ಒಂದಿತ್ತು. ಈಗ ಅದು ಕಂಪ್ಯೂಟರಿನೊಳಗೆ ಹೋಗಿದೆ. ‘ಪತ್ರ ರವಾನಿಸಲಾಗಿದೆ’ ಎಂದು ಅದರಲ್ಲಿ ಬರೆದ ಮಾತ್ರಕ್ಕೆ ಅರ್ಜಿದಾರನ ಪಿಂಚಣಿ ಮಂಜೂರಾದಂತಲ್ಲ. ಸಂಘಕ್ಕೆ ಬೇಕಾದ ಅಂಕಿ ಒಂದೇ ಒಂದು: ಭಾನುವಾರ ಬೆಳಿಗ್ಗೆ ಬಳಪ ಹಿಡಿದು ಬಂದು ಕೂತ ಮಕ್ಕಳೆಷ್ಟು? ಆ ಅಂಕಿ ತಖ್ತೆಯ ಯಾವ ಅಂಕಣದಲ್ಲೂ ಇರಲಿಲ್ಲ.

ಮೂರನೆಯ ಪ್ರಶ್ನೆ, ಈ ಅಂಕಿಗಳನ್ನು ಕೊಟ್ಟವರು ಯಾರು? ಜಾಹೀರಾತಿನ ಜಾಗ ಮಾರುವವರೇ ಅದರ ಫಲವನ್ನೂ ಅಳೆದು ಕೊಟ್ಟಿದ್ದಾರೆ. ತಕ್ಕಡಿಯೂ ಅಂಗಡಿಯವನದೇ, ತೂಕದ ಕಲ್ಲೂ ಅವನದೇ. 2016ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಒಂದು ತಪ್ಪನ್ನು ತಾನೇ ಒಪ್ಪಿಕೊಂಡಿತು. ಜನ ಒಂದು ವಿಡಿಯೊವನ್ನು ಸರಾಸರಿ ಎಷ್ಟು ಹೊತ್ತು ನೋಡಿದರೆಂದು ಲೆಕ್ಕ ಹಾಕುವಾಗ, ಎಲ್ಲರೂ ನೋಡಿದ ಒಟ್ಟು ಕಾಲವನ್ನು ಎಲ್ಲರ ಸಂಖ್ಯೆಯಿಂದ ಭಾಗಿಸದೆ, 3 ಸೆಕೆಂಡಿಗೆ ಕಡಿಮೆಯಿಲ್ಲದಂತೆ ನೋಡಿದವರ ಸಂಖ್ಯೆಯಿಂದ ಮಾತ್ರ ಭಾಗಿಸುತ್ತಿತ್ತು. ಛೇದ ಚಿಕ್ಕದಾದರೆ ಭಾಗಲಬ್ಧ ದೊಡ್ಡದಾಗುತ್ತದೆಂಬುದು ಐದನೆಯ ತರಗತಿಯ ಗಣಿತ. ಸರಾಸರಿ ಶೇಕಡಾ 60ರಿಂದ 80ರಷ್ಟು ಉಬ್ಬಿರಬಹುದೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಸುಮಾರು ಎರಡು ವರ್ಷ ಜಾಹೀರಾತುದಾರರು ಆ ಅಂಕಿಯನ್ನೇ ನಂಬಿದ್ದರು. ಕೋಟಿಗಟ್ಟಲೆ ಸುರಿಯುವ ಕಂಪನಿಗಳೇ ಮೋಸಹೋದ ಮೇಲೆ ನಮ್ಮ ಖಜಾಂಚಿಯವರ ಪಾಡೇನು?

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ನಮ್ಮ ಅಜ್ಜಿಯ ಕೋಳಿಯ ಕಥೆಯೇ ಸಾಕು. ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಮುದುಕಿ ಊರವರ ಮೇಲೆ ಮುನಿಸಿಕೊಂಡು, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಡಿಗೆ ಹೋದಳಷ್ಟೆ? ಮರುದಿನವೂ ಊರಿಗೆ ಬೆಳಗಾಯಿತು. ಕೋಳಿ ಕೂಗಿದ ಅಂಕಿಯೂ ಬೆಳಗಾದ ಅಂಕಿಯೂ ಅಲ್ಲಿಯವರೆಗೆ ನೂರಕ್ಕೆ ನೂರು ತಾಳೆಯಾಗಿದ್ದವು. ಸತ್ಯ ತಿಳಿದದ್ದು ಕೋಳಿ ಊರು ಬಿಟ್ಟ ಮೇಲೆ.

ಅಮೆರಿಕದ ಈಬೇ ಕಂಪನಿ ಈ ಕಥೆಯನ್ನು ಓದಿರಲಾರದು, ಆದರೆ 2012ರಲ್ಲಿ ಅದನ್ನೇ ಮಾಡಿ ನೋಡಿತು. ಅಂತರಜಾಲದಲ್ಲಿ ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸುವ ಆ ಕಂಪನಿ, ಯಾರಾದರೂ ‘ಈಬೇ’ ಎಂದು ಹುಡುಕಿದರೆ ಮೇಲ್ತುದಿಯಲ್ಲಿ ತನ್ನ ಜಾಹೀರಾತು ಬರಲೆಂದು ಹಣ ತೆರುತ್ತಿತ್ತು. ಅದನ್ನು ಒತ್ತಿ ಬರುವವರ ಲೆಕ್ಕ ಸೊಗಸಾಗಿತ್ತು. ಪ್ರಯೋಗಕ್ಕೆಂದು ಯಾಹೂ ಮತ್ತು ಮೈಕ್ರೋಸಾಫ್ಟಿನ ಹುಡುಕಾಟಗಳಲ್ಲಿ ಅದನ್ನು ನಿಲ್ಲಿಸಿದಾಗ, ಜಾಹೀರಾತಿನಿಂದ ಬರುತ್ತಿದ್ದವರಲ್ಲಿ ಶೇಕಡಾ 99.5ರಷ್ಟು ಜನ ಅದೇ ಪುಟದಲ್ಲಿ ಕೆಳಗೆ ಬಿಟ್ಟಿಯಾಗಿ ಸಿಗುವ ಕೊಂಡಿಯನ್ನು ಒತ್ತಿ ಬಂದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬೇರೆ ಪದಗಳ ಜಾಹೀರಾತನ್ನೂ ದೇಶದ ಕೆಲವು ಪ್ರದೇಶಗಳಲ್ಲಿ ನಿಲ್ಲಿಸಿ, ಮಿಕ್ಕ ಕಡೆ ಮುಂದುವರಿಸಿ ತಾಳೆ ನೋಡಿದರು. ಬಂದ ಲಾಭ ಹಳೆಯ ಲೆಕ್ಕ ಹೇಳುತ್ತಿದ್ದುದರ ಒಂದು ಚೂರು ಮಾತ್ರ. ಬ್ಲೇಕ್, ನಾಸ್ಕೊ, ಟಡೇಲಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು 2015ರಲ್ಲಿ ‘ಇಕಾನೊಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಪ್ರಯೋಗದಲ್ಲಿ ಹೊಸಬರ ಮೇಲೂ ಅಪರೂಪಕ್ಕೆ ಬರುವವರ ಮೇಲೂ ಜಾಹೀರಾತಿನ ಪರಿಣಾಮ ಕಂಡುಬಂದಿತು. ದಿನವೂ ಬರುವವರಿಗಾಗಿ ಸುರಿದ ಹಣ ವ್ಯರ್ಥವಾಗಿತ್ತು. ಹಾಗಾದರೆ ಗುರುಗ್ರಾಮಕ್ಕೋ ನೊಯ್ಡಾಕ್ಕೋ ನಿನ್ನೆ ಮೊನ್ನೆ ಬಂದಿಳಿದು, ಇಲ್ಲೊಂದು ಕನ್ನಡ ಸಂಘವಿದೆಯೆಂದೇ ತಿಳಿಯದ ದಂಪತಿಗಳಿಗೆ ಇನ್‌ಸ್ಟಾಗ್ರಾಂ ಜಾಹೀರಾತು ಉಪಯೋಗವಾದೀತು. ಇದನ್ನು ನಾವು ಒಪ್ಪುತ್ತೇವೆ. ಆದರೆ ಸಂಘದ ಪುಟವನ್ನು ಮೆಚ್ಚುವವರು ಯಾರು? ಬಹುಪಾಲು ನಾವೇ. ರಾಜ್ಯೋತ್ಸವಕ್ಕೆ ಹೇಗೂ ಬರುವ ನಾವು ನಮ್ಮದೇ ಜಾಹೀರಾತನ್ನು ಮೆಚ್ಚಿ, ಅದನ್ನು ಜಾಹೀರಾತಿನ ಗೆಲುವೆಂದು ಬರೆದುಕೊಂಡು, ಅದರ ಹಣವನ್ನೂ ನಾವೇ ತೆರುತ್ತೇವೆ!

ಹಾಗಾದರೆ ಸರಿಯಾದ ಹೋಲಿಕೆ ಹೇಗೆ? ವಿದ್ಯೆ ಹೊಸದೇನಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಪ್ರಯೋಗಶಾಲೆಯಲ್ಲಿ ಆರ್. ಎ. ಫಿಷರ್ ಎಂಬ ಗಣಿತಜ್ಞ 1920ರ ದಶಕದಲ್ಲೇ ದಾರಿ ತೋರಿಸಿದ. ಫಲವತ್ತಾದ ಪಾತಿಗೆ ಒಂದು ಗೊಬ್ಬರ, ಬರಡು ಪಾತಿಗೆ ಇನ್ನೊಂದು ಹಾಕಿದರೆ ಗೆದ್ದದ್ದು ಗೊಬ್ಬರವೋ ಮಣ್ಣೋ ತಿಳಿಯದು. ಯಾವ ಪಾತಿಗೆ ಯಾವುದೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಫೇಸ್‌ಬುಕ್‌ನ ಯಂತ್ರ ಮಾಡುವುದು ಇದಕ್ಕೆ ತದ್ವಿರುದ್ಧ. ಒತ್ತುವ ಸಂಭವವಿರುವವರನ್ನೇ ಹುಡುಕಿ ಅವರಿಗೇ ಜಾಹೀರಾತು ತೋರಿಸುತ್ತದೆ. ಒಳ್ಳೆಯ ಮಣ್ಣನ್ನೇ ಆರಿಸಿಕೊಳ್ಳುತ್ತದೆ. ಫೇಸ್‌ಬುಕ್‌ನಲ್ಲೇ ನಡೆದ 15 ಪ್ರಯೋಗಗಳನ್ನು ಪರೀಕ್ಷಿಸಿ 2019ರಲ್ಲಿ ‘ಮಾರ್ಕೆಟಿಂಗ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳುತ್ತದೆ. ಚೀಟಿ ಎತ್ತದೆ, ಆದದ್ದನ್ನು ಮಾತ್ರ ನೋಡಿ ಹಾಕಿದ ಲೆಕ್ಕ ಎಷ್ಟೇ ಜಾಣತನದ್ದಾದರೂ ಪ್ರಯೋಗದ ಉತ್ತರಕ್ಕೆ ಅನೇಕ ಸಲ ತಾಳೆಯಾಗಲಿಲ್ಲ.

ನಮ್ಮ ಸೂಚನೆ ಇಷ್ಟೆ. ಅಂಚೆಯ ಆಮಂತ್ರಣವೂ ಮಾಸಪತ್ರಿಕೆಯೂ ಎಂದಿನಂತೆ ಎಲ್ಲ ಸದಸ್ಯರಿಗೂ ಹೋಗಲಿ. ಅದು ಪ್ರಚಾರವಲ್ಲ, ಸದಸ್ಯರ ಹಕ್ಕು. ಹೆಚ್ಚುವರಿ ಪ್ರಯತ್ನದಲ್ಲಿ ಮಾತ್ರ ಪ್ರಯೋಗ ನಡೆಯಲಿ. ಮಕ್ಕಳಿರುವ ಮನೆಗಳ ಪಟ್ಟಿ ಮಾಡಿ, ಚೀಟಿ ಎತ್ತಿ ಮೂರು ಭಾಗ ಮಾಡೋಣ. ಒಂದು ಭಾಗಕ್ಕೆ ವಾಟ್ಸ್‌ಆ್ಯಪ್ ಸಂದೇಶ, ಇನ್ನೊಂದಕ್ಕೆ ಸಂಘದವರೊಬ್ಬರ ದೂರವಾಣಿ ಕರೆ, ಮೂರನೆಯದಕ್ಕೆ ಎಂದಿನ ಆಮಂತ್ರಣ ಮಾತ್ರ. ಹೊಸಬರಿಗಾಗಿ ಜಾಹೀರಾತು ಕೊಡುವುದಾದರೆ ಒಂದು ಬಡಾವಣೆಯಲ್ಲಿ ಕೊಟ್ಟು, ಅಂಥದೇ ಇನ್ನೊಂದರಲ್ಲಿ ಬಿಟ್ಟು ನೋಡೋಣ. ಲೆಕ್ಕ ತೆಗೆಯುವುದು ತರಗತಿಯ ಹಾಜರಿ ಪುಸ್ತಕದಿಂದ, ಬೇರೆಲ್ಲಿಂದಲೂ ಅಲ್ಲ.

ಅವಸರದ ತೀರ್ಮಾನವೂ ಬೇಡ. ನೂರು ಮನೆಗಳಿಂದ ನಾಲ್ಕು ಮಕ್ಕಳು, ಇನ್ನೊಂದು ನೂರರಿಂದ ಆರು ಮಕ್ಕಳು ಬಂದರೆಂದು ಇಟ್ಟುಕೊಳ್ಳಿ. ಅಷ್ಟು ಅಂತರ ನಾಣ್ಯ ಚಿಮ್ಮಿದರೂ ಬಂದೀತು. ನಮ್ಮಂಥ ಸಣ್ಣ ಸಂಘ ಒಂದು ಸಲದ ಅಂಕಿ ನೋಡಿ ಒಂದು ಬಾಗಿಲು ಮುಚ್ಚುವುದು ದುಡುಕು. ಮೂರು ಸಲ ಮಾಡಿ ನೋಡೋಣ. ಮೂರು ಸಲವೂ ಒಂದೇ ಕಡೆ ವಾಲಿದರೆ ಆಗ ಮಾತಾಡೋಣ.

ಕೊನೆಯದಾಗಿ, ಮುಚ್ಚಲು ಹೊರಟಿರುವ ಬಾಗಿಲಿನ ಹಿಂದೆ ಯಾರಿದ್ದಾರೆಂದು ನೆನೆಯಬೇಕು. ಅರ್ಧ ಶತಮಾನದ ಹಿಂದೆ ಟ್ರಂಕು ಹೊತ್ತು ಈ ಊರಿಗೆ ಬಂದು, ಸರ್ಕಾರಿ ಕ್ವಾರ್ಟರ್ಸಿನ ಒಂದೂವರೆ ಕೋಣೆಯಲ್ಲಿ ಸಂಸಾರ ಹೂಡಿ, ಸಂಬಳದಲ್ಲಿ ಉಳಿಸಿದ ರೂಪಾಯಿಗಳಿಂದ ಸಂಘ ಕಟ್ಟಿದ ಹಿರಿಯರಿದ್ದಾರೆ. ಅವರಲ್ಲಿ ಹಲವರ ಕೈಯಲ್ಲಿರುವ ಫೋನು ಕರೆ ಸ್ವೀಕರಿಸಲಷ್ಟೇ ಸಾಕಾದದ್ದು. ಅವರು ಯಾವುದನ್ನೂ ‘ಮೆಚ್ಚುವುದಿಲ್ಲ’, ಯಾವುದನ್ನೂ ‘ತೆರೆಯುವುದಿಲ್ಲ’. ಆದರೆ ಟೀಪಾಯಿಯ ಮೇಲಿರುವ ಸಂಚಿಕೆಯನ್ನು ಕನ್ನಡಕ ಏರಿಸಿ ಓದುತ್ತಾರೆ. ಶಾಲೆಯಲ್ಲಿ ಹಿಂದಿ, ಸಂಸ್ಕೃತ ಮಾತ್ರ ಕಲಿಯುವ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ರಕ್ಷಾಪುಟದ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಭಾನುವಾರ ಆ ಮಗುವಿನ ಕೈಹಿಡಿದು ತರಗತಿಗೆ ಕರೆತರುವವರು ಅವರೇ. ತಖ್ತೆಯಲ್ಲಿ ಗೀಟಾದವರೂ ಅವರೇ.

ಲೆಕ್ಕ ಬೇಡವೆಂದು ನಾವು ಹೇಳುತ್ತಿಲ್ಲ. ಲೆಕ್ಕ ಸರಿಯಾಗಿರಲಿ ಎನ್ನುತ್ತಿದ್ದೇವೆ. ಮುಂದಿನ ಸಭೆಗೆ ನಮ್ಮ ತರುಣ ಮಿತ್ರರು ಆ ತಖ್ತೆಯನ್ನು ಮತ್ತೆ ತರಲಿ, ಹಾಜರಿ ಪುಸ್ತಕವನ್ನೂ ಜೊತೆಗೆ ತರಲಿ. ಎರಡನ್ನೂ ಮುಂದಿಟ್ಟುಕೊಂಡು ಕೂಡಿಸಲು, ಕಳೆಯಲು ಅವರ ಪಕ್ಕದಲ್ಲಿ ಕೂರಲು ನಾವು ಸಿದ್ಧ. ಅಲ್ಲಿಯವರೆಗೆ ಅಂಚೆಯ ಚೀಲಕ್ಕೆ ಯಾರೂ ಗಂಟು ಹಾಕದಿರಲಿ.